ಬೆನ್ನ ಹಿಂದೆ ಬಿದ್ದ ಚೌಕ

ಆ ಬೆಳಿಗ್ಗೆ ಗಾಳಿ ಪೂರ್ತಿ ನಿಂತುಹೋಗಿತ್ತು. ರಾತ್ರಿ ಹಿಡಿದಿದ್ದ ತುಂತುರು ಬೆಳಗಾಗುವುದರೊಳಗೆ ಬಿಟ್ಟು, ಆಕಾಶದ ತುಂಬ ಕೆನೆಗಟ್ಟಿದಂತೆ ಒಂದೇ ಮೋಡ ಹರಡಿಕೊಂಡಿತ್ತು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಹೇಳುವಂತಿರಲಿಲ್ಲ. ಗೇಟಿಗೆ ನೆರಳಿಲ್ಲ, ದೀಪದ ಕಂಬಕ್ಕೆ ನೆರಳಿಲ್ಲ, ರಸ್ತೆ ದಾಟುತ್ತಿದ್ದ ಬೆಕ್ಕಿಗೂ ಇಲ್ಲ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅವಳು ಅದನ್ನೇ ನೋಡುತ್ತಿದ್ದಳು. ದಡದ ಹುಳುಗಳ ಎಣಿಕೆಗೆ ಹೇಳಿ ಮಾಡಿಸಿದ ದಿನ. ಒದ್ದೆ ಕೆಸರಿನ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ಹುಳು ಯಾವುದು ಹರಳು ಯಾವುದು ಎಂದು ನಿಚ್ಚಳವಾಗಿ ತಿಳಿಯುತ್ತದೆ. ಆದರೆ ಅವಳಿಗೆ ಮೊದಲು ಹೊಳೆದದ್ದು ಅದಲ್ಲ. ಮಾವ ಈಚೆಗೆ ನೋಡುವುದು ವಸ್ತುಗಳನ್ನಲ್ಲ, ಅವುಗಳ ನೆರಳನ್ನು. ನೆರಳಿಲ್ಲದ ದಿನ ಅವರಿಗೆ ಏನೆಂದರೆ ಏನೂ ಕಾಣುವುದಿಲ್ಲ ಎಂಬುದು ಹೊಳೆಯಿತು. ಹೊಳೆದ ಕೂಡಲೇ ಎದೆಯೊಳಗೆ ಬೆಚ್ಚಗೆ ಒಂದು ಸುಖ ಎದ್ದಿತು. ಬಿಸಿ ಹಾಲು ಕುಡಿದ ಹಾಗೆ. ಇದು ನನ್ನೊಳಗಿಂದಲೇ ಬಂತೇ ಎಂದು ಅವಳು ಹೆದರಿ, ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.

ಮೆಟ್ಟಿಲ ಮೇಲೆ ಹಿಮ್ಮಡಿಯ ಸದ್ದಾಯಿತು. ಮಾವ ಪ್ರತಿ ಮೆಟ್ಟಿಲಿನ ಅಂಚನ್ನೂ ಹಿಮ್ಮಡಿಯಿಂದ ಮುಟ್ಟಿ ಇಳಿಯುತ್ತಿದ್ದರು. ನೋಡುವವರಿಗೆ ಅದು ವಯಸ್ಸಾದವರ ಗತ್ತಿನ ನಡಿಗೆಯಂತೆಯೇ ಕಾಣಬೇಕು, ಅಷ್ಟು ಹದವಾಗಿ ಕಲಿತುಕೊಂಡಿದ್ದರು. ಬಂದು ಮೇಜಿನ ಅಂಚನ್ನು ಸವರಿಕೊಂಡು ಕೂತು, ಬಟ್ಟಲಿನ ಕಂಠದೊಳಗೆ ಬೆರಳು ಕೊಕ್ಕೆ ಮಾಡಿ ಇಟ್ಟು ಕಾಫಿ ಬಗ್ಗಿಸಿಕೊಂಡರು. ಬಿಸಿ ಬೆರಳಿಗೆ ತಾಗಿದ ಮೇಲೆ ನಿಲ್ಲಿಸಿದರು. ಹೋದ ತಿಂಗಳು ಒಂದು ದಿನ ಅವಳು ಅವರ ಕುರ್ಚಿಯನ್ನು ಗೇಣಷ್ಟು ಈಚೆಗೆ ಎಳೆದಿಟ್ಟು ಬಾಗಿಲ ಮರೆಯಲ್ಲಿ ನಿಂತಿದ್ದಳು. ಮಂಡಿಗೆ ಹೊಡೆಸಿಕೊಂಡು ಅವರು ಒಂದು ಗಳಿಗೆ ಹಾಗೇ ನಿಂತರು. ಬೈಯಲಿಲ್ಲ, ಯಾರನ್ನೂ ಕೂಗಲಿಲ್ಲ; ಕುರ್ಚಿಯ ಬೆನ್ನನ್ನು ಹಸುವಿನ ಬೆನ್ನು ಸವರಿದಂತೆ ಸವರಿ, ಇದ್ದ ಜಾಗಕ್ಕೆ ತಳ್ಳಿ ಕೂತರು. ಅವರ ಕಣ್ಣು ಎಷ್ಟು ಹೋಗಿದೆ ಎಂದು ತಿಳಿಯಬೇಕಿತ್ತು, ಮನೆಯವರು ತಿಳಿಯದಿದ್ದರೆ ಇನ್ಯಾರು ತಿಳಿಯಬೇಕು ಎಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಮನುಷ್ಯ ಮಾಡುವ ಕೆಡುಕಿಗೆ ಒಂದು ಒಳ್ಳೆಯ ಹೆಸರು ಯಾವಾಗಲೂ ಬಾಗಿಲಲ್ಲೇ ಕಾದಿರುತ್ತದೆ, ಕರೆದರೆ ಸಾಕು ಒಳಗೆ ಬರುತ್ತದೆ.

"ಮೋಡ ಇದೆಯೇನಮ್ಮ?" ಎಂದರು ಮಾವ.

"ಇದೆ ಮಾವ. ಒಳ್ಳೆ ಬೆಳಕು."

"ಹೌದೌದು, ಒಳ್ಳೆ ಬೆಳಕು," ಎಂದು ಅವರು ಕಿಟಕಿಯಿಲ್ಲದ ಗೋಡೆಯ ಕಡೆ ನೋಡಿ ತಲೆಯಾಡಿಸಿದರು.

ಗಂಡ ಒಳಗಿನಿಂದ, "ಇಣುಕೀ, ನನ್ನ ಗಡಿಯಾರ ಎಲ್ಲೇ?" ಎಂದು ಕೂಗಿದ. ಮದುವೆಯ ದಿನ ಅವಳ ಜೊತೆ ಓದಿದವರು ಯಾರೋ ಅವನ ಕಿವಿಯಲ್ಲಿ ಆ ಹೆಸರು ಹಾಕಿಹೋಗಿದ್ದರು. ಕಾಲೇಜಿನಲ್ಲಿ ಏನೋ ತಮಾಷೆಗೆ ಇಟ್ಟ ಹೆಸರು ಎಂದಷ್ಟೇ ಅವನಿಗೆ ಗೊತ್ತು. ಮುದ್ದು ಬಂದಾಗ ಹಾಗೆ ಕರೆಯುತ್ತಿದ್ದ, ಗಡಿಯಾರ ಕಳೆದಾಗಲೂ ಕರೆಯುತ್ತಿದ್ದ. ಮಾವ ಮಾತ್ರ ಆ ಹೆಸರು ಕೇಳಿದಾಗಲೆಲ್ಲ ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಿದ್ದರು. ಈಗಲೂ ಬಟ್ಟಲು ಮೇಜಿಗೆ ತಾಗಿದ ಸದ್ದು ಅವಳಿಗೆ ಕೇಳಿಸಿತು.

ಕಾರಿನ ಹತ್ತಿರ ಗಂಡ ದನಿ ತಗ್ಗಿಸಿದ. "ಅಪ್ಪನ ಕಣ್ಣಿನ ವಿಷಯ ಇವತ್ತು ಹೇಳ್ಬಿಡು. ಸಮಿತಿ ಮುಂದೆ ಬೇಡ, ದಾರೀಲಿ ಹೇಳು. ನೀನು ಹೇಳಿದ್ರೆ ಕೇಳ್ತಾರೆ."

"ನಿಮ್ಮಪ್ಪ ಅಲ್ವಾ, ನೀವೇ ಹೇಳಿ."

"ನಾನು ಹಲ್ಲಿನ ಡಾಕ್ಟ್ರು ಕಣೇ. ಹಲ್ಲಿಂದ ಮೇಲಕ್ಕೆ ಹೋದ್ರೆ ಅವರು ನನ್ನ ನಂಬಲ್ಲ," ಎಂದು ನಕ್ಕ. ಅವನ ಮನೆಯ ಕಷ್ಟಗಳೆಲ್ಲ ಹೀಗೆ ಒಂದು ನಗೆಯಲ್ಲಿ ಕರಗಿ, ಅವಳ ಕೈಗೆ ನೀರಾಗಿ ಬಂದು ಬೀಳುತ್ತಿದ್ದವು.

ಹೇಳಿದ್ದರೆ ಎಲ್ಲ ನಯವಾಗಿ ಮುಗಿದುಹೋಗುತ್ತಿತ್ತು. ಅಂದು ಮಧ್ಯಾಹ್ನ ಸಮಿತಿ ಕೂರುವುದಿತ್ತು. ಕೊಲ್ಲಿಯ ದಡದ ಬಸವನಹುಳುಗಳ ಎಣಿಕೆ ಮಾವನ ಹೆಸರಿನಲ್ಲೇ ನಡೆದುಕೊಂಡು ಬಂದದ್ದು, ಅವರು ನಿವೃತ್ತರಾದ ಮೇಲೂ ಸಮಿತಿ ವರ್ಷ ವರ್ಷವೂ ಗೌರವದಿಂದ ಅವರಿಗೇ ಬಿಟ್ಟುಕೊಟ್ಟಿತ್ತು. ಅತ್ತೆ ಹೋದ ಮೇಲೆ ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಆ ದಡವೊಂದೇ. ಅವರು ಅವಳಿಗೆ ಪಾಠ ಹೇಳಿದ ವಿಭಾಗಕ್ಕೆ ಈಗ ಮುಖ್ಯಸ್ಥೆ ಅವಳು. ಎಣಿಕೆ ನಂಬುವಂಥದ್ದು ಎಂದು ಅವಳು ಹೇಳಿದರೆ ದಡ ಅವರದು, ಇಲ್ಲವಾದರೆ ಅವಳದು. ಮಾವ, ಇನ್ನು ಸಾಕು ಎಂದು ದಾರಿಯಲ್ಲಿ ಒಂದು ಮಾತು ಅಂದಿದ್ದರೆ ಅವರೇ ಬಿಟ್ಟುಕೊಡುತ್ತಿದ್ದರು, ಸಮಿತಿಯವರು ನಾಲ್ಕು ಒಳ್ಳೆಯ ಮಾತಾಡಿ ಬಾಗಿಲವರೆಗೆ ಬಂದು ಕಳಿಸಿಕೊಡುತ್ತಿದ್ದರು. ಅವಳಿಗೆ ಬೇಕಾದದ್ದು ಅದಾಗಿರಲಿಲ್ಲ. ಅವರು ಹೋಗುವುದು ಬೇಡ, ನಾಲ್ಕು ಜನರ ಕಣ್ಣೆದುರಿಗೆ ಸಿಕ್ಕಿಬೀಳಬೇಕು. ಇಲ್ಲದ್ದನ್ನು ಇದೆ ಎಂದವರು ಎಂಬುದು ಪರದೆಯ ಮೇಲೆ ದೊಡ್ಡದಾಗಿ ಕಾಣಬೇಕು, ಎಲ್ಲರಿಗೂ ಕಂಡು ಅವರೊಬ್ಬರಿಗೇ ಕಾಣದ ಹಾಗೆ ಕಾಣಬೇಕು. ಇದನ್ನು ಅವಳು ಎಷ್ಟು ದಿನದಿಂದ ಬಯಸಿದ್ದಳೋ ಅವಳಿಗೇ ತಿಳಿಯದು. ಜನ ಅವಳು ಮೇಷ್ಟ್ರ ಮಗನನ್ನು ಕಟ್ಟಿಕೊಂಡದ್ದು ದಡಕ್ಕಾಗಿ ಎಂದು ಹಿಂದಿನಿಂದ ಆಡಿಕೊಂಡಿದ್ದರು. ಒಮ್ಮೊಮ್ಮೆ ಮಾವನ ಔಷಧಿಯ ಸೀಸೆಗೆ ಮುಚ್ಚಳ ತಿರುಗಿಸುವಾಗ ಅವಳಿಗೂ ಅನುಮಾನ ಬರುತ್ತಿತ್ತು. ಬಾಕಿ ಕೊಡಬೇಕಾದವನು ಕೈಗೆ ಸಿಗದೆ ಹೋದಾನೆಂದು ಅವನ ಮನೆಯಲ್ಲೇ ಬಂದು ಠಿಕಾಣಿ ಹೂಡಿದವಳೇ ನಾನು, ಎಂದು.

ದಡಕ್ಕೆ ಬಂದಾಗ ನೀರು ಇಳಿದುಹೋಗಿತ್ತು. ಕೆಸರು ಕಣ್ಣು ಹಾಯುವವರೆಗೂ ಬೂದು ಬಣ್ಣಕ್ಕೆ ಬಿದ್ದುಕೊಂಡು, ಅಲ್ಲಲ್ಲಿ ಹಸಿರು ಪಾಚಿ, ಅಲ್ಲಲ್ಲಿ ದುಂಡು ಹರಳಿನ ಪಟ್ಟೆ. ಮಾವ ರಬ್ಬರ್ ಬೂಟು ಹಾಕಿಕೊಂಡು, ಕಬ್ಬಿಣದ ಸರಳು ಬಾಗಿಸಿ ಮಾಡಿದ ಚೌಕವನ್ನು ಹೆಗಲಿಗೆ ತೂಗುಹಾಕಿಕೊಂಡು ನಡೆದರು. ದಡದಲ್ಲಿ ಅವರು ಎಡವುತ್ತಿರಲಿಲ್ಲ. ಕೆಸರು ಎಲ್ಲಿ ಆಳ, ಎಲ್ಲಿ ಗಟ್ಟಿ ಎಂದು ಕಾಲೇ ಹೇಳುತ್ತಿತ್ತು. ನಿಲ್ಲಬೇಕಾದಲ್ಲಿ ನಿಂತು, ನೀರಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿದರು. ಕಾಣದ ಕಣ್ಣನ್ನು ಮುಚ್ಚುವುದು ಯಾಕೆ ಎಂದು ಅವಳಿಗೆ ನಗು ಬಂತು. ಅವರ ಮುಖ ನೋಡಿ ನಗು ಆರಿತು. ತುಟಿ ಮೆಲ್ಲಗೆ ಅಲುಗುತ್ತಿತ್ತು. ಓದುವ ದಿನಗಳಲ್ಲಿ ಅವಳು ಅದನ್ನು ಲೆಕ್ಕ ಎಂದುಕೊಂಡಿದ್ದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ, ಬೆಳಗಿನ ಜಾವ ಅವರ ಕೋಣೆಯ ಬಾಗಿಲಾಚೆ ಅದೇ ಮಾತು ಕೇಳಿಸಿತು: ನನ್ನ ಕೈ ಬಿಡಿಸು ತಂದೆ, ನಿನ್ನ ಕೈ ಹಾಕು. ಚೌಕ ಎಲ್ಲಿ ಬೀಳಬೇಕು ಎಂದು ಆರಿಸುವುದು ನಮ್ಮ ಕೆಲಸವಲ್ಲ, ಬಿದ್ದಲ್ಲಿ ಎಣಿಸುವುದಷ್ಟೇ ನಮ್ಮದು ಎಂದು ಅವರು ತರಗತಿಯಲ್ಲಿ ಹೇಳುತ್ತಿದ್ದರು. ಇಷ್ಟು ದೊಡ್ಡ ದಡದಲ್ಲಿ ಒಂದೊಂದು ಹುಳುವನ್ನೂ ಎಣಿಸುವವರು ಯಾರು? ಅಲ್ಲೊಂದು ಇಲ್ಲೊಂದು ಚೌಕ ಎಸೆದು, ಅದರೊಳಗಿನದನ್ನು ಎಣಿಸಿ, ಇಡೀ ದಡ ಹೇಗಿದೆ ಎಂದು ತಿಳಿಯಬೇಕು. ಎಸೆಯುವವನು ಒಮ್ಮೆ ಇಣುಕಿ ನೋಡಿದನೋ, ಹುಳು ಹೆಚ್ಚಿರುವ ಕಡೆಗೆ ಕೈ ತಾನಾಗಿ ಹೋಗುತ್ತದೆ, ಎಣಿಕೆಯೆಲ್ಲ ಹಾಳು. ಆದ್ದರಿಂದ ಬೆನ್ನ ಹಿಂದೆ, ಕಣ್ಣು ಮುಚ್ಚಿ. ಅದನ್ನು ಹೇಳುವಾಗ ಅವರ ದನಿ ಪ್ರವಚನಕ್ಕೆ ಕೂತವರ ದನಿಯಂತಾಗುತ್ತಿತ್ತು, ಹುಡುಗರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು, ಅವಳಂತೂ ಬಾಯಿ ಬಿಟ್ಟುಕೊಂಡು ಕೇಳಿದ್ದಳು.

ಮಾವ ಎಸೆದರು. ಚೌಕ ಅಲುಗದ ಗಾಳಿಯಲ್ಲಿ ತಿರುಗಿ, ಪಾಚಿಯ ಪಕ್ಕದ ಕೆಸರಿನಲ್ಲಿ ತಪ್ಪನೆ ಬಿತ್ತು. ಒಳ್ಳೆಯ ಜಾಗ, ಅವರೆಕಾಳಿನಷ್ಟು ಗಾತ್ರದ ಹುಳುಗಳು ಕಿಕ್ಕಿರಿದಿದ್ದವು. ಅವಳು ಎರಡು ಹೆಜ್ಜೆ ಹಾಕಿ ಬಗ್ಗಿ, ಚೌಕವನ್ನು ಎತ್ತಿ, ಪಕ್ಕದ ಹರಳಿನ ಪಟ್ಟೆಯ ಮೇಲೆ ಇಟ್ಟಳು. ಇಷ್ಟೇ. ಬೂಟು ಕೆಸರಿನಿಂದ ಕಿತ್ತು ಬಂದ ಸದ್ದು ಮಾತ್ರ ಅವಳು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು.

ಮಾವ ಹಾಗೇ ತಲೆ ಓರೆ ಮಾಡಿ ನಿಂತರು. "ಏನಮ್ಮ, ಕಾಲು ಹೂತ್ಕೊಂಡಿತಾ?"

"ಹೂಂ ಮಾವ."

"ಹುಷಾರು. ಇಲ್ಲಿ ಕೆಸರು ಸದ್ದು ಮಾಡತ್ತೆ," ಎಂದರು.

ಆ ಸದ್ದು. ಬಟ್ಟೆಯೊಳಗಿನ ಕತ್ತಲೆ, ಬಟ್ಟೆಗೆ ಹತ್ತಿದ ನಶ್ಯದ ವಾಸನೆ, ಆ ಕತ್ತಲೆಯಾಚೆ ಕೆಸರಿನಲ್ಲಿ ಯಾರೋ ಎರಡು ಹೆಜ್ಜೆ ಇಟ್ಟ ಸದ್ದು. ಅವಳಿಗೆ ಆಗ ಇಪ್ಪತ್ತು ತುಂಬಿರಲಿಲ್ಲ. ದಡದಲ್ಲಿ ಅವಳು ಎಸೆದ ಚೌಕಗಳಲ್ಲೆಲ್ಲ ಹುಳು ಮುತ್ತಿಕೊಂಡಿದ್ದವು. ಒಂದು ಕಡೆ ನೆಲದೊಳಗಿಂದ ಸಿಹಿನೀರು ಒಸರುತ್ತದೆ ಸಾರ್, ಅಲ್ಲಿ ಗುಂಪುಗಟ್ಟಿವೆ ಸಾರ್ ಎಂದು ಅವಳು ಓಡೋಡಿ ಬಂದು ಹೇಳಿದ್ದಳು. ಓಡಿ ಬಂದದ್ದರಿಂದ ಮುಖ ಕೆಂಪಾಗಿತ್ತು, ಬಹುಮಾನ ಸಿಗುವವಳ ಹಾಗೆ ನಿಂತಿದ್ದಳು. ಹುಳು ದಡದುದ್ದಕ್ಕೂ ಒಂದೇ ಸಮ ಹರಡಿರುತ್ತವೆ ಎಂದು ಅವರು ಬರೆದು ಅಚ್ಚಾದ ಮಾತಿತ್ತು. ಇಣುಕಿ ಎಸೆದಿದ್ದೀಯ, ಎಂದರು. ಇಲ್ಲ ಸಾರ್. ಹಾಗಾದರೆ ಮತ್ತೆ ಎಸಿ. ಜೇಬಿನ ಕರ್ಚೀಫು ತೆಗೆದು ತಾವೇ ಅವಳ ಕಣ್ಣಿಗೆ ಕಟ್ಟಿದರು. ಅವಳು ಎಸೆದಳು, ಕತ್ತಲೆಯಲ್ಲಿ ಹೆಜ್ಜೆಯ ಸದ್ದು, ಆಮೇಲೆ ಅವರ ಧ್ವನಿ: ಸೊನ್ನೆ. ಮತ್ತೆ ಎಸಿ. ಹೆಜ್ಜೆ. ಸೊನ್ನೆ. ಹುಡುಗರು ನಗತೊಡಗಿದರು. ಅವರೆಲ್ಲ ದೂರದಲ್ಲಿ ನಿಂತಿದ್ದರು, ಅವರಿಗೆ ಕಂಡದ್ದು ಬಟ್ಟೆ ಕಟ್ಟಿಕೊಂಡು ಗರಗರ ತಿರುಗುವ ಒಬ್ಬಳು ಹುಡುಗಿ ಮಾತ್ರ. ಎಷ್ಟನೆಯ ಸಲವೋ ಕಾಲು ಜಾರಿ ಅವಳು ಕೆಸರಿನಲ್ಲಿ ಕೂತುಬಿಟ್ಟಳು. ಕೂತಲ್ಲಿಂದಲೇ, ಇಣುಕಿದೆ ಸಾರ್, ತಪ್ಪಾಯ್ತು ಸಾರ್, ಎಂದಳು. ಹೇಳಿದರೆ ಬಿಚ್ಚುತ್ತಾರೆ ಎಂದು ಹೇಳಿದಳು. ಬಿಚ್ಚಿದರು. ಆ ಸಂಜೆಯಿಂದ ಅವಳು ಇಣುಕಿ. ಮರುವರ್ಷ ಒಸರಿನ ಸುತ್ತ ಹುಳು ಗುಂಪುಗಟ್ಟುವುದನ್ನು ಮೇಷ್ಟ್ರು ಕಂಡುಹಿಡಿದರು, ಅವರಿಗೆ ಅದರಿಂದ ದೊಡ್ಡ ಹೆಸರು ಬಂತು. ಒಂದೇ ಒಂದು ಸಂಗತಿ ಅವಳಿಗೆ ಇವತ್ತಿಗೂ ತಿಳಿದಿರಲಿಲ್ಲ. ಆ ಹೆಜ್ಜೆ ಚೌಕ ಸರಿಸಿದ ಹೆಜ್ಜೆಯೇ, ಅಥವಾ ಬರೀ ಹುಳು ಎಣಿಸಲು ಬಂದ ಹೆಜ್ಜೆಯೇ? ಒಂದೇ ಮನೆಯಲ್ಲಿ ಉಂಡು, ಒಂದೇ ಕಾರಿನಲ್ಲಿ ತಿರುಗಿ, ಜ್ವರ ಬಂದಾಗ ಅವರ ಹಣೆಗೆ ಒದ್ದೆ ಬಟ್ಟೆ ಹಾಕಿ, ಅದೊಂದನ್ನು ಕೇಳಲು ಅವಳ ನಾಲಗೆ ಏಳಲಿಲ್ಲ. ಅಲ್ಲವೆಂದುಬಿಟ್ಟರೆ ಇಷ್ಟು ವರ್ಷ ಸಾಕಿದ ದ್ವೇಷವನ್ನು ಎಲ್ಲಿ ಕಟ್ಟಿಹಾಕುವುದು?

ಮಾವ ಚೌಕದ ಹತ್ತಿರ ಮಂಡಿಯೂರಿದರು. ಪಾಚಿ ಸರಿಸುವವರ ಹಾಗೆ ಬೆರಳನ್ನು ಒಳಗೆ ಆಡಿಸಿದರು. ಅಲ್ಲಿ ಪಾಚಿ ಇರಲೇ ಇಲ್ಲ. ಬೆರಳು ಒಂದು ಹರಳಿನ ಮೇಲೆ ನಿಂತಿತು. ಅದನ್ನು ಹೆಬ್ಬೆರಳಿನಿಂದ ಒತ್ತಿದರು, ಚಿಪ್ಪಿನ ಸುತ್ತು ಹುಡುಕುವವರಂತೆ ತಿರುಗಿಸಿದರು, ಮೆಲ್ಲಗೆ ಬಿಟ್ಟರು. ಇನ್ನೊಂದು. ಮತ್ತೊಂದು. ಅವರ ಕತ್ತಿನ ಹಿಂದೆ, ಕೂದಲು ಮುಗಿಯುವಲ್ಲಿ, ಕ್ಷೌರಿಕ ಬಿಟ್ಟ ಒಂದು ಸಣ್ಣ ಎಳೆ ಅಂಟಿಕೊಂಡಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

"ಬರ್ಕೋ," ಎಂದರು. "ಒಂಬತ್ತು."

ಅವಳು ಬರೆದುಕೊಂಡಳು. ಮೊಬೈಲಿನಲ್ಲಿ ಚೌಕದ ಚಿತ್ರ ತೆಗೆದಳು. ಅದರೊಳಗೆ ಒಂದು ಹುಳುವೂ ಇರಲಿಲ್ಲ.

ಮುಂದಿನದರಲ್ಲೂ ಹಾಗೇ ಮಾಡಿದಳು, ಅದರ ಮುಂದಿನದರಲ್ಲೂ. ಪ್ರತಿ ಸಲ ಅವರು ಕಣ್ಣು ಮುಚ್ಚಿದರು, ತುಟಿ ಅಲುಗಿಸಿದರು, ಎಸೆದರು. ಪ್ರತಿ ಸಲ ಅವಳು ಸರಿಸಿದಳು. ಅವರು ಮಂಡಿಯೂರಿ ಹರಳುಗಳನ್ನು ಒಂದೊಂದಾಗಿ ಸವರಿ ಒಂದು ಸಂಖ್ಯೆ ಹೇಳಿದರು. ಆಮೇಲಾಮೇಲೆ ಕೈ ಪಳಗಿತು. ದೇವರ ಕೈ ಬಿದ್ದ ಕಡೆಯಿಂದ ಎತ್ತಿ ನನ್ನ ಕೈ ಹಾಕುತ್ತಿದ್ದೇನೆ ಎಂದು ಒಮ್ಮೆ ಅನ್ನಿಸಿದರೂ ನಿಲ್ಲಿಸಲಿಲ್ಲ. ಕೆಟ್ಟದ್ದು ಕೂಡ ಕೆಲಸವಾಗಿಬಿಟ್ಟರೆ ಬೇಸರವೇ ತರುತ್ತದೆ. ಕೊನೆಕೊನೆಗೆ ಅವಳಿಗೆ ಬೆನ್ನುನೋವೊಂದೇ ಉಳಿದಿತ್ತು.

ವಾಪಸು ಬರುವಾಗ ಬಂಡೆಯ ಹತ್ತಿರ ಮಾವ ಜಾರಿದರು. ಅವಳು ಯೋಚಿಸುವ ಮೊದಲೇ ಅವಳ ಕೈ ಹೋಗಿ ಅವರನ್ನು ಹಿಡಿದಿತ್ತು. ಅವರ ಬೆರಳ ತುದಿಗಳು ಹರಳು ಉಜ್ಜಿ ಉಜ್ಜಿ ಕೆಂಪಾಗಿ ತಣ್ಣಗಾಗಿದ್ದವು.

"ಸಾಕಾಯ್ತೇನಮ್ಮ?" ಎಂದರು. ದಣಿವಾಯಿತೇ ಎಂದು ಕೇಳಿದರೆಂದು ಅವಳು ಅಂದುಕೊಂಡಳು.

"ಇಲ್ಲ ಮಾವ, ಇನ್ನೂ ಮಧ್ಯಾಹ್ನದ ಸಭೆ ಇದೆಯಲ್ಲ."

"ಅದೂ ಆಗ್ಲಿ," ಎಂದರು ಅವರು, ಅವಳ ಕೈ ಬಿಡದೆ.

ಸಭೆಯ ಕೋಣೆಯಲ್ಲಿ ಉದ್ದದ ಮೇಜು, ಎದುರಿಗೆ ಬಿಳಿಯ ಪರದೆ, ಯಾರೂ ಮುಟ್ಟದ ನೀರಿನ ಬಾಟಲಿಗಳು. ಅಧ್ಯಕ್ಷೆ ದೊಡ್ಡ ಹುದ್ದೆಯಿಂದ ನಿವೃತ್ತಿಯಾದವರು. ಎಲ್ಲವನ್ನೂ ಬೇಗ ಮುಗಿಸಿ ಏಳುವ ಅಭ್ಯಾಸದವರು. ಅವರ ಪಕ್ಕದಲ್ಲಿ ಎಲ್ಲರೂ ಹಕ್ಕಿಯವರು ಎಂದು ಕರೆಯುವ ದಪ್ಪ ಮನುಷ್ಯ, ನೀರುಹಕ್ಕಿಗಳ ಪಂಡಿತ, ಮಾವನ ಹಳೆಯ ಗೆಳೆಯ. ಇನ್ನಿಬ್ಬರು ಮಾತಾಡದ ಸದಸ್ಯರು. ಅವಳು ಮಾವನನ್ನು ತಂದು ಕೂರಿಸಿ ತಾನು ಅವರ ಎಡಗಡೆಯ ಕುರ್ಚಿಯಲ್ಲಿ ಕೂತಳು.

"ಏನಯ್ಯಾ ಚಿಪ್ಪು, ಇನ್ನೂ ಬದುಕಿದ್ದೀಯಾ?" ಎಂದರು ಹಕ್ಕಿಯವರು.

"ನಿನ್ನ ಹಕ್ಕಿಗಳು ಇನ್ನೂ ನನ್ನ ತಿಂದಿಲ್ಲ," ಎಂದರು ಮಾವ. ಎಲ್ಲರೂ ನಕ್ಕರು. ನಗು ಮುಗಿಯುವವರೆಗೂ ಅವಳು ಕಾದಳು. ನಂತರ ಎದ್ದು ಪರದೆಯ ಹತ್ತಿರ ಹೋಗಿ ನಿಂತು, ಮೈಕು ಹಿಡಿದು, ಇವತ್ತಿನ ಬೆಳಗಿನ ಎಣಿಕೆ, ಎಂದಳು. ಅವಳ ಧ್ವನಿ ಅವಳಿಗೇ ಹಿತವಾಗಿ, ತರಗತಿಯಲ್ಲಿ ಪಾಠ ಹೇಳುವಷ್ಟು ಸಮಾಧಾನವಾಗಿ ಬಂತು. ಮೊದಲ ಚೌಕ. ಪ್ರೊಫೆಸರ್ ಬರೆಸಿದ್ದು ಒಂಬತ್ತು ಹುಳು. ಚಿತ್ರ ನೋಡಬೇಕು.

ಪರದೆಯ ಮೇಲೆ ಚೌಕದ ತುಂಬ ಹರಳು. ದುಂಡಗೆ, ಒದ್ದೆಯಾಗಿ, ಬೂದಿ ಬಣ್ಣದ ಹರಳು.

ಅಧ್ಯಕ್ಷೆ ಕನ್ನಡಕ ಏರಿಸಿದರು, ಇಳಿಸಿದರು. ಎರಡನೆಯ ಚಿತ್ರ. ಮೂರನೆಯದು. ಕೋಣೆಯಲ್ಲಿ ಯಾರೋ ಬಾಟಲಿಯ ಮುಚ್ಚಳ ತಿರುಗಿಸಲು ಹೋಗಿ ಅರ್ಧಕ್ಕೇ ಬಿಟ್ಟರು. ಮಾವ ನಗುಮುಖ ಇಟ್ಟುಕೊಂಡೇ ಪರದೆಯಿದ್ದ ಕಡೆಗಿಂತ ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದರು. "ಹೇಗಿದೆ? ಚೆನ್ನಾಗಿ ಬಂದಿದೆಯಾ ಚಿತ್ರ?" ಎಂದು ಕೇಳಿದರು. ಇಷ್ಟು ವರ್ಷ ಅವಳು ಮನಸ್ಸಿನೊಳಗೆ ಕಟ್ಟಿ ಕಟ್ಟಿ ನೋಡಿದ್ದ ಗಳಿಗೆ ಇದೇ. ಅವಳು ಅದರೊಳಗೆ ನಿಂತು ಸುಖಕ್ಕಾಗಿ ಕಾದಳು. ಬೆಳಿಗ್ಗೆ ಕಿಟಕಿಯಲ್ಲಿ ಬಂದಷ್ಟೂ ಬರಲಿಲ್ಲ.

"ಸಾರ್," ಎಂದರು ಅಧ್ಯಕ್ಷೆ, ಮಕ್ಕಳಿಗೆ ಹೇಳುವ ದನಿಯಲ್ಲಿ, "ಇದರಲ್ಲಿ ನಮಗೆ ಹುಳು ಯಾವುದೂ ಕಾಣ್ತಿಲ್ಲವಲ್ಲ."

"ಒಂದ್ನಿಮಿಷ ಇರಿ," ಎಂದರು ಹಕ್ಕಿಯವರು. ಅವರು ತಮ್ಮ ಮುಂದಿದ್ದ ಕಂಪ್ಯೂಟರಿನಲ್ಲಿ ಅದೇ ಚಿತ್ರವನ್ನು ತೆರೆದು, ಅಂಚಿನ ಕೆಸರನ್ನು ಹಿಗ್ಗಿಸಿಕೊಂಡು ನೋಡುತ್ತಿದ್ದರು. ಯಾವ ಚಿತ್ರ ಕೊಟ್ಟರೂ ಮೊದಲು ಹಕ್ಕಿಯ ಹೆಜ್ಜೆ ಹುಡುಕುವುದು ಅವರ ಚಟ. "ಹೆಜ್ಜೆ ಏನೂ ಇಲ್ಲ ಬಿಡಿ. ಆದ್ರೆ ಇದೇನಮ್ಮ ಇದು? ಚೌಕದ ಪಕ್ಕ ಇನ್ನೊಂದು ಚೌಕದ ಅಚ್ಚು ಬಿದ್ದಿದೆಯಲ್ಲ, ಕೆಸರಲ್ಲಿ? ನಾಲ್ಕೂ ಮೂಲೆ ಕಾಣ್ತಿದೆ. ಅದರ ತುಂಬ ಹುಳು. ಅಯ್ಯೋ, ಎರಡನೇದರಲ್ಲೂ ಇದೆ. ಮೊದ್ಲು ಅಲ್ಲಿ ಬಿದ್ದಿರೋದನ್ನ ಯಾರೋ ಎತ್ತಿ ಇಲ್ಲಿ ಇಟ್ಟಿದಾರೆ ಕಣ್ರೀ."

ಅವಳು ತಿರುಗಿ ಪರದೆ ನೋಡಿದಳು. ಹೌದು, ಅಲ್ಲಿತ್ತು. ಸರಳು ಕೂತು ಎದ್ದ ಗೆರೆ ಗಾಳಿಯಿಲ್ಲದ ಆ ಬೆಳಿಗ್ಗೆ ಚೂರೂ ಅಳಿಸದೆ ಉಳಿದಿತ್ತು. ಮಧ್ಯಾಹ್ನದವರೆಗೂ ಆ ಚಿತ್ರಗಳನ್ನು ಎಷ್ಟು ಸಲ ತೆಗೆದು ನೋಡಿರಲಿಲ್ಲ ಅವಳು! ನೋಡಿದ್ದೆಲ್ಲ ಸರಳಿನ ಒಳಗೆ. ಚೌಕದ ಹೊರಗಿನದು ಲೆಕ್ಕಕ್ಕಿಲ್ಲ ಎಂದು ಕಲಿತ ಕಣ್ಣು ಅದು. ಕಲಿಸಿದವರು ಇಲ್ಲೇ ಕೂತಿದ್ದರು. ದಡದಲ್ಲಿ ಇದ್ದದ್ದು ಇಬ್ಬರೇ ಎಂದು ಈ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಒಬ್ಬರು ಎಸೆದವರು, ಒಬ್ಬಳು ಚಿತ್ರ ತೆಗೆದವಳು. ಇನ್ನೊಂದು ಕ್ಷಣದಲ್ಲಿ ಹಕ್ಕಿಯವರ ದೊಡ್ಡ ಮುಖ ಪರದೆಯಿಂದ ತಿರುಗಿ ತನ್ನ ಮೇಲೆ ಬೀಳುತ್ತದೆ. ಕೆಸರಿನಲ್ಲಿ ಕೂತ ಹುಡುಗಿಯ ತೊಡೆಯ ಥಂಡಿ ಅವಳ ಮೈಗೆ ವಾಪಸು ಬಂತು.

"ಯಾರು ಸರಿಸಿದ್ದು?" ಎಂದರು ಅಧ್ಯಕ್ಷೆ.

"ನಾನು," ಎಂದರು ಮಾವ.

ಹಕ್ಕಿಯವರು, "ನೀನ್ಯಾಕಯ್ಯಾ..." ಎಂದು ಶುರುಮಾಡಿದರು.

"ಹುಳು ಇರೋದನ್ನ ಬಿಟ್ಟು ಹರಳಿನ ಮೇಲೆ ಇಟ್ಟೆ. ಇಟ್ಟು, ಇಲ್ಲದ ಹುಳು ಬರೆಸಿದೆ. ಹರಳು ಯಾವುದು, ಹುಳು ಯಾವುದು ಅಂತ ಈ ಬೆರಳಿಗೆ ಗೊತ್ತಾಗಲ್ಲ ಅಂತೀಯಾ? ಗೊತ್ತಿದ್ದೇ ಬರೆಸಿದೆ. ನನ್ನ ಎಣಿಕೆ ನಂಬಬೇಡಿ. ಈ ಸಲದ್ದಂತೂ ಬೇಡ." ಅವರು ಉಸಿರು ತೆಗೆದುಕೊಂಡರು. ಕಣ್ಣಿನ ಮಾತನ್ನು ಎತ್ತಲೇ ಇಲ್ಲ. ಕುರುಡಾದ ಮುದುಕನಿಗೆ ಎಲ್ಲರೂ ಅಯ್ಯೋ ಎನ್ನುತ್ತಿದ್ದರು. ಕಳ್ಳ ಎಣಿಕೆ ಮಾಡಿದವನಿಗೆ ಈ ಕೋಣೆಯಲ್ಲಿ ಯಾರೂ ಅನ್ನುವುದಿಲ್ಲ. ಅದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಅಧ್ಯಕ್ಷೆಯ ಮುಖ ಆಗಲೇ ಗಟ್ಟಿಯಾಗಿತ್ತು. ಪೆನ್ನು ತೆಗೆದು ಒಂದು ಹೆಸರು ಹೊಡೆದುಹಾಕಿದ್ದು, ಇನ್ನೊಂದು ಹೆಸರು ಬರೆದದ್ದು ಅವಳಿಗೆ ನಿಂತಲ್ಲಿಂದಲೇ ಕಂಡಿತು. ದಡ ಅವಳದಾಗಿತ್ತು.

ಅವರಿಗೆ ಗೊತ್ತಿತ್ತು. ಮೊದಲ ಚೌಕದಿಂದಲೇ. ಕೆಸರು ಸದ್ದು ಮಾಡತ್ತೆ ಎಂದದ್ದು, ಸಾಕಾಯ್ತೇನಮ್ಮ ಎಂದದ್ದು, ಬೆರಳು ಕೆಂಪಾಗುವವರೆಗೂ ಹರಳು ಎಣಿಸಿದ್ದು. ಬೆಳಗಿನಿಂದ ಅವಳು ಹೊಡೆದದ್ದನ್ನೆಲ್ಲ ಅವರು ಬೆನ್ನು ಕೊಟ್ಟು ಹೊಡೆಸಿಕೊಂಡಿದ್ದರು.

ಮಾವ ಈಗ ಎಡಗಡೆಗೆ ತಿರುಗಿದರು. ಸಭೆ ಶುರುವಾದಾಗ ಅವಳು ಕೂತಿದ್ದ ಕುರ್ಚಿಯ ಕಡೆ. ಅವಳು ಎದ್ದುಹೋದದ್ದನ್ನು ಅವರು ಗಮನಿಸಿರಲಿಲ್ಲ. ಪರದೆಯ ಕಡೆಯಿಂದ ಬಂದ ಅವಳ ದನಿ ಕೋಣೆಯ ಧ್ವನಿವರ್ಧಕದಲ್ಲಿ ಸಿಕ್ಕಿ ಎಲ್ಲ ಗೋಡೆಗಳಿಂದಲೂ ಬಂದಿತ್ತು. ಅವರು ಆ ಕುರ್ಚಿಯ ಕೈಯನ್ನು ಹುಡುಕಿ, ಅದರ ಮೇಲೆ ತಮ್ಮ ಕೈಯಿಟ್ಟರು. ದನಿ ಇಳಿದಿತ್ತು, ಸಭೆಗೆ ಆಡುವ ದನಿಯಲ್ಲ, ಮನೆಯಲ್ಲಿ ಪಕ್ಕದವರಿಗೆ ಆಡುವ ದನಿ.

"ಆವತ್ತೂ ನಾನೇ ಸರಿಸಿದ್ದು ಕಣಮ್ಮ. ಎಸೆದಷ್ಟು ಸಲವೂ. ನೀನು ಇಣುಕಿರಲಿಲ್ಲ. ಆ ಒಸರು ಕಂಡಿದ್ದು ನೀನು."

ಅಧ್ಯಕ್ಷೆ ಹಕ್ಕಿಯವರ ಕಡೆ ನೋಡಿದರು. ಹಕ್ಕಿಯವರು ಖಾಲಿ ಕುರ್ಚಿಯನ್ನು ನೋಡಿದರು, ಮಾವನ ಮುಖವನ್ನು ನೋಡಿದರು, ಆಮೇಲೆ, ಎಲ್ಲವೂ ಒಮ್ಮೆಗೇ ತಿಳಿದವರಂತೆ, ಪರದೆಯ ಪಕ್ಕ ನಿಂತಿದ್ದ ಅವಳ ಕಡೆಗೆ ಕಣ್ಣೆತ್ತಿದರು. ಇಲ್ಲಿದ್ದೀನಿ ಮಾವ ಎಂದು ಅವಳು ಒಂದು ಮಾತು ಅನ್ನಬೇಕಿತ್ತು.

ಉತ್ತರ ಬಾರದಿದ್ದಾಗ ಮಾವ ತಲೆ ಇನ್ನಷ್ಟು ಬಗ್ಗಿಸಿದರು. ಅವಳು ಅಳುತ್ತಿದ್ದಾಳೆ, ಅದಕ್ಕೆ ಸುಮ್ಮನಿದ್ದಾಳೆ ಎಂದುಕೊಂಡಿರಬೇಕು. ಕುರ್ಚಿಯ ಕೈಯನ್ನು ಎರಡು ಸಲ ಮೆಲ್ಲಗೆ ತಟ್ಟಿ, "ತಗೋಮ್ಮ," ಎಂದರು. "ನಿಂದು."